ಬೆಲ್ಲದ ಕಾರಿಗೆ ಐದನೆಯ ಗೇರು

ಶಿಕಾಗೋ ಪಕ್ಕದ ಡೆಸ್ ಪ್ಲೇನ್ಸ್‌ನಲ್ಲಿರುವ ನನ್ನ ಕಚೇರಿಯ ಹಿಂದೆ, ಸರಕು ಲಾರಿಗಳು ಹಿಮ್ಮುಖವಾಗಿ ಬಂದು ನಿಲ್ಲುವ ಒಂದು ಇಳಿಜಾರಿದೆ. ಮೊನ್ನೆ ಮಧ್ಯಾಹ್ನ ಹೊಸ ಚಾಲಕನೊಬ್ಬ ಲಾರಿಯನ್ನು ಅಲ್ಲಿ ಅರ್ಧ ಕ್ಲಚ್ಚಿನಲ್ಲಿ ಹಿಡಿದು ನಿಲ್ಲಿಸಿಕೊಂಡು ಒದ್ದಾಡುತ್ತಿದ್ದ. ಕ್ಲಚ್ಚು ಸೀದ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಸಹೋದ್ಯೋಗಿಗಳು ಮೂಗು ಮುಚ್ಚಿಕೊಂಡು ಕಿಟಕಿ ಎಳೆದರು. ನಾನು ಮಾತ್ರ ಒಬ್ಬಳೇ ನಗುತ್ತ ನಿಂತಿದ್ದೆ. ಆ ವಾಸನೆಯಲ್ಲಿ ಒಂದು ಕೊರತೆಯಿತ್ತು. ಅರಿಶಿನ ಕುಂಕುಮದ ಕಮಟು ಇರಲಿಲ್ಲ. ಕ್ಲಚ್ ಪ್ಲೇಟಿನ ಜೊತೆಗೆ ಅರಿಶಿನ ಕುಂಕುಮವೂ ಸೇರಿ ಸುಟ್ಟರೆ ಹೇಗೆ ನಾರುತ್ತದೆ ಎಂಬುದನ್ನು ಬಲ್ಲವರು ಈ ಭೂಮಿಯ ಮೇಲೆ ಹೆಚ್ಚು ಮಂದಿ ಇರಲಾರರು. ಮಿಷಿಗನ್ನಿನ ಪ್ಲಿಮತ್ ಊರಿನ ಒಂದು ಗ್ಯಾರೇಜಿನಲ್ಲಿ ಒಂದು ಬೇಸಿಗೆಯನ್ನು ಒಟ್ಟಿಗೆ ಕಳೆದ ನಾವು ಐವರು ಬಲ್ಲೆವು.

ಆ ಬೇಸಿಗೆಯಲ್ಲಿ ನಾನು ಸಾರ್ವಜನಿಕ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ಮುಗಿಸುತ್ತಿದ್ದೆ. ನನ್ನ ಪ್ರಬಂಧದ ವಿಷಯ ತನಿಖಾ ವರದಿಗಳು. ಸೇತುವೆ ಕುಸಿಯುತ್ತದೆ, ಆಸ್ಪತ್ರೆಗೆ ಬೆಂಕಿ ಬೀಳುತ್ತದೆ, ಶಾಲೆಯ ಸೂರು ಮಕ್ಕಳ ತಲೆಯ ಮೇಲೆ ಇಳಿಯುತ್ತದೆ. ಆಮೇಲೆ ದಪ್ಪನೆಯ ವರದಿಯೊಂದು ಬರುತ್ತದೆ. ಅದರಲ್ಲಿ ಮಳೆಯ ಪ್ರಮಾಣವಿರುತ್ತದೆ, ಸಿಮೆಂಟಿನ ಗುಣವಿರುತ್ತದೆ, ಗಾಳಿಯ ದಿಕ್ಕಿರುತ್ತದೆ. ಮನುಷ್ಯರು ಮಾತ್ರ ಇರುವುದಿಲ್ಲ. ಇಂಥ ವರದಿಗಳನ್ನು ಓದಿ ಓದಿ ನನಗೆ ಸಿಟ್ಟೇ ಸ್ವಭಾವವಾಗಿತ್ತು. ಹಾಲು ಉಕ್ಕಿದರೂ ‘ಒಲೆಯ ಮುಂದೆ ನಿಂತಿದ್ದವರು ಯಾರು?’ ಎಂದು ಕೇಳುತ್ತಿದ್ದೆ. ಆ ಮನೆಯ ಅಜ್ಜಿ ನನಗೆ ‘ಲೋಕಾಯುಕ್ತ’ ಎಂದು ಹೆಸರಿಟ್ಟದ್ದು ಅದಕ್ಕೇ.

ಮನೆ ಸುಧಾ ಆಂಟಿಯದು. ಮೈಸೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ನನ್ನ ಅಮ್ಮನ ಸಹಪಾಠಿ. ಓದು ಮುಗಿಯುವವರೆಗೆ ಇರು ಎಂದು ನೆಲಮಾಳಿಗೆಯ ಕೋಣೆಯನ್ನು ನನಗೆ ಬಿಟ್ಟುಕೊಟ್ಟಿದ್ದರು. ವಾಹನಗಳ ಬಿಡಿಭಾಗ ತಯಾರಿಸುವ ಒಂದು ಕಂಪನಿಯಲ್ಲಿ ಅವರು ಗೇರ್‌ಬಾಕ್ಸುಗಳ ವಿನ್ಯಾಸ ಮಾಡುತ್ತಿದ್ದರು. ಅವರ ಗಂಡ ರಘು ಅಂಕಲ್ ಕಾರಿನ ಸೀಟುಗಳನ್ನು ಮಾಡುವ ಇನ್ನೊಂದು ಕಂಪನಿಯಲ್ಲಿ ಗುಣಮಟ್ಟದ ಮುಖ್ಯಸ್ಥರು. ಯಾರಾದರೂ ಕೆಟ್ಟ ಹೊಲಿಗೆಯ ಸೀಟು ಕಳಿಸಿದರೆ ಅವರನ್ನು ಎದುರಿಗೆ ಕೂರಿಸಿಕೊಂಡು ‘ಯಾಕೆ?’ ಎಂದು ಕೇಳುವುದು, ಬಂದ ಉತ್ತರಕ್ಕೆ ಮತ್ತೆ ‘ಅದು ಯಾಕೆ?’ ಎನ್ನುವುದು, ಹೀಗೆ ಐದು ಸಲ ಕೆದಕಿ ಬೇರು ಹಿಡಿಯುವುದು ಅವರ ಕೆಲಸದ ಪದ್ಧತಿ. ದೇವರು ದಿಂಡರೆಂದರೆ ಅವರಿಗೆ ನಗು. ಹೊಸ ಮಿನಿವ್ಯಾನಿನ ಚಕ್ರದ ಕೆಳಗೆ ಅವರ ತಾಯಿ ನಿಂಬೆಹಣ್ಣು ಇಟ್ಟಾಗ, “ಈ ನಿಂಬೆಹಣ್ಣಿನ ಪಾರ್ಟ್ ನಂಬರ್ ಎಷ್ಟಮ್ಮಾ?” ಎಂದು ಕೇಳಿದವರು.

ಆ ತಾಯಿಯೇ ಡಾಕ್ಟರ್ ಅಜ್ಜಿ. ಹಳೆ ಮೈಸೂರಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಸರ್ಕಾರಿ ವೈದ್ಯೆಯಾಗಿದ್ದವರು. ಹಳ್ಳಿ ಹಳ್ಳಿಯ ಶಿಬಿರಗಳಿಗೆ ಇಲಾಖೆಯ ಜೀಪನ್ನು ತಾವೇ ಓಡಿಸಿಕೊಂಡು ಹೋಗುತ್ತಿದ್ದರಂತೆ. ವಸಂತದ ಮೊದಲಿಗೆ ಮಗನ ಮನೆಗೆ ಬಂದಿದ್ದರು. ಸೆಪ್ಟೆಂಬರಿನಲ್ಲಿ ಶಿಕಾಗೋ ಹತ್ತಿರದ ಲಿಸ್ಲ್‌ನಲ್ಲಿರುವ ಮಗಳ ಮನೆಗೆ ಹೋಗಿ, ಅಲ್ಲಿ ಒಂದಿಷ್ಟು ದಿನ ಇದ್ದು, ಶಿಕಾಗೋದಿಂದಲೇ ಮೈಸೂರಿಗೆ ಮರಳುವುದು ನಿಶ್ಚಯವಾಗಿತ್ತು.

ಇನ್ನು ಕಾರು. ಅರವತ್ತರ ದಶಕದ ಕೊನೆಯ ಅಮೆರಿಕನ್ ಮಸಲ್ ಕಾರು: ಎರಡೇ ಬಾಗಿಲು, ಉದ್ದ ಮೂಗು, ಅದರೊಳಗೆ ಲಾರಿಗೆ ಸಾಕಾಗುವಷ್ಟು ದೊಡ್ಡ ಎಂಜಿನ್. ಪಕ್ಕದ ಮನೆಯ ಮುದುಕ ಫ್ಲಾರಿಡಾಕ್ಕೆ ಹೊರಟಾಗ ಸುಧಾ ಆಂಟಿ ಅದನ್ನು ಕೊಂಡಿದ್ದರು. ಬಣ್ಣ ಮಾತ್ರ ಅಪರೂಪದ್ದು, ಆಲೆಮನೆಯಿಂದ ಆಗಷ್ಟೇ ಇಳಿದ ಬೆಲ್ಲದ ಹಾಗೆ. ಅಜ್ಜಿ ಅದನ್ನು ನೋಡಿದ ದಿನವೇ ‘ಬೆಲ್ಲ’ ಎಂದು ಕರೆದರು. ಅದೇ ಹೆಸರು ನಿಂತಿತು.

ಮೇ ತಿಂಗಳ ಒಂದು ಭಾನುವಾರ ಆಂಟಿ ಅಜ್ಜಿಯನ್ನೂ ನನ್ನನ್ನೂ ಅದರಲ್ಲಿ ಕೂರಿಸಿಕೊಂಡು ಹೆದ್ದಾರಿ ಹತ್ತಿದರು. ಬೆಲ್ಲಕ್ಕೆ ಇದ್ದದ್ದು ನಾಲ್ಕೇ ಗೇರು. ಗಂಟೆಗೆ ಎಪ್ಪತ್ತು ಮೈಲಿ ಮುಟ್ಟುವ ಹೊತ್ತಿಗೆ ಎಂಜಿನ್ ಹಿಟ್ಟಿನ ಗಿರಣಿಯಂತೆ ಅರಚತೊಡಗಿತು. ಆಂಟಿ ಏನೋ ಹೇಳಿದರು, ಕೇಳಲಿಲ್ಲ. ನಾನು ಏನೋ ಕೂಗಿದೆ, ನನಗೇ ಕೇಳಲಿಲ್ಲ. ಅಜ್ಜಿ ನೆಮ್ಮದಿಯಾಗಿ ಎರಡೂ ಕಿವಿಯ ಯಂತ್ರಗಳನ್ನು ತೆಗೆದು ಪರ್ಸಿಗೆ ಹಾಕಿಕೊಂಡು, ಕಿಟಕಿಯ ಆಚೆ ನೋಡುತ್ತ ಕುಳಿತರು. ಮನೆಗೆ ಬಂದು ಇಳಿದವರೇ ತೀರ್ಪು ಕೊಟ್ಟರು: “ಸುಧಾ, ಲಿಸ್ಲ್‌ಗೆ ಹೋದ್ರೆ ಬೆಲ್ಲದಲ್ಲೇ ಹೋಗೋದು. ನೀನೇ ಓಡಿಸ್ಬೇಕು. ಆದ್ರೆ ದಾರೀಲಿ ಮಾತಾಡ್ಕೊಂಡು ಹೋಗೋ ಹಾಗೆ ಮಾಡು. ಎರಡು ತಿಂಗಳಿಂದ ನಿನ್ ಗಂಡನ ಮಾತೇ ಕೇಳಿದ್ದಾಯ್ತು, ನಿನ್ನ ಹತ್ರ ಮಾತಾಡೋದು ತುಂಬಾ ಇದೆ.”

“ಅಮ್ಮಾ, ಮುನ್ನೂರು ಮೈಲಿ! ಆ ಡಬ್ಬದಲ್ಲಿ ಏರ್‌ಬ್ಯಾಗ್ ಇಲ್ಲ, ಸೊಂಟಕ್ಕೊಂದು ಪಟ್ಟಿ ಬಿಟ್ರೆ ಏನೂ ಇಲ್ಲ. ಮಿನಿವ್ಯಾನ್ ಇದೆ ಕಣಮ್ಮ,” ಎಂದರು ಅಂಕಲ್.

“ನಾನು ಓಡಿಸಿದ ಜೀಪಿಗೆ ಬಾಗಿಲೇ ಇರ್ಲಿಲ್ಲ ಕಣೋ. ಅದರಲ್ಲೇ ನಿನ್ನನ್ನೂ ಹಾಕ್ಕೊಂಡು ತಿರುಗಿದೀನಿ. ಬಿದ್ದು ಹೋದ್ಯಾ?”

ಹೀಗೆ ಐದನೆಯ ಗೇರಿನ ಸಂಕಲ್ಪವಾಯಿತು. ಹಳೆಯ ಗೇರ್‌ಬಾಕ್ಸನ್ನು ಇಳಿಸಿ, ಓವರ್‌ಡ್ರೈವ್ ಇರುವ ಹೊಸದನ್ನು ಏರಿಸುವುದು. ಓವರ್‌ಡ್ರೈವ್ ಎಂದರೆ, ಎಂಜಿನ್ ಒಂದು ಸುತ್ತು ಸುತ್ತುವುದರೊಳಗೆ ಚಕ್ರಗಳ ಕಡೆಗೆ ಹೋಗುವ ಶಾಫ್ಟು ಒಂದು ಸುತ್ತಿಗಿಂತ ಹೆಚ್ಚು ಸುತ್ತುವ ಏರ್ಪಾಡು. ವೇಗ ಅಷ್ಟೇ ಇರುತ್ತದೆ, ಅರಚಾಟ ಇಳಿಯುತ್ತದೆ. ಆಂಟಿ ಇದನ್ನು ವಿವರಿಸಿದಾಗ ಅಜ್ಜಿ, “ಓಹೋ, ಬಿಪಿ ಇಳಿಸೋ ಮಾತ್ರೆ ಅನ್ನು,” ಎಂದರು.

ಜೂನ್ ಬಂತು. ಗಾಳಿಯಲ್ಲೆಲ್ಲ ಕಾಟನ್‌ವುಡ್ ಮರಗಳ ಹತ್ತಿ ಹಾರಾಡಿ ಗ್ಯಾರೇಜಿನ ಮೂಲೆಗಳಲ್ಲಿ ಹಿಮದಂತೆ ಕೂತುಕೊಳ್ಳುತ್ತಿತ್ತು. ಶನಿವಾರ ಬೆಳಗಾದರೆ ಬೆಲ್ಲ ನಾಲ್ಕು ಜಾಕ್ ಸ್ಟ್ಯಾಂಡುಗಳ ಮೇಲೆ, ಆಂಟಿ ಅದರ ಅಡಿಯಲ್ಲಿ. ನಾವು ಸುತ್ತ. ಅಂಕಲ್ ವಿರೋಧ ಬಿಟ್ಟಿರಲಿಲ್ಲ. ಆದರೆ ಮನೆಯೊಳಗೆ ಕೂತು ವಿರೋಧಿಸುವುದು ಅವರಿಂದಾಗಲಿಲ್ಲ. “ಮಾಡೋದೇ ಆದ್ರೆ ಪ್ರಾಸೆಸ್ ಪ್ರಕಾರ ಮಾಡಿ” ಎಂದು ಗೋಡೆಗೊಂದು ಬಿಳಿ ಹಲಗೆ ನೇತುಹಾಕಿ, ತಾವೂ ಸ್ಪ್ಯಾನರ್ ಹಿಡಿದರು. ಎದುರು ಮನೆಯ ಬಸವರಾಜನೂ ಬಂದು ಸೇರಿಕೊಂಡ. ಹುಬ್ಬಳ್ಳಿಯವನು, ಕಂಪ್ಯೂಟರ್ ಕೆಲಸದ ವೀಸಾದಲ್ಲಿ ಆ ಬೇಸಿಗೆಯಷ್ಟೇ ಮಿಷಿಗನ್ನಿಗೆ ಕಾಲಿಟ್ಟವನು. ಮೊದಲ ದಿನ ಗೇರ್‌ಬಾಕ್ಸು ಇಳಿಸುವಾಗ ಅದರ ಭಾರ ಹೊತ್ತು, “ಆಂಟಿ, ಇದು ಗೇರ್‌ಬಾಕ್ಸ್ ಅಲ್ಲರೀ, ನಮ್ಮ ಕಾಕಾನ ಮನಿ ರುಬ್ಬು ಗುಂಡು ಐತಿ!” ಎಂದು ಕೂಗಿದ್ದು ಇಡೀ ಬಡಾವಣೆಗೆ ಕೇಳಿಸಿತ್ತು.

ಕೆಲಸಕ್ಕೆ ನನ್ನ ಕೊಡುಗೆಯೂ ಒಂದಿತ್ತು, ಅದು ನನ್ನ ಸಿಟ್ಟಿನಿಂದ ಹುಟ್ಟಿದ್ದು. ಬೋಲ್ಟನ್ನು ಸರಿಯಾಗಿ ಬಿಗಿದ ಮೇಲೆ ಅದರ ತಲೆಯಿಂದ ಪಕ್ಕದ ಲೋಹಕ್ಕೆ ಬಣ್ಣದ ಗೆರೆಯೊಂದನ್ನು ಎಳೆಯುವುದು ಅಲ್ಲಿನ ಕಾರ್ಖಾನೆಗಳ ವಾಡಿಕೆ. ಬೋಲ್ಟು ಸಡಿಲಾಗಿ ತಿರುಗಿದರೆ ಗೆರೆ ಮುರಿದು ಗೊತ್ತಾಗುತ್ತದೆ. ‘ಎಲ್ಲರಿಗೂ ಒಂದೇ ಬಣ್ಣ ಯಾಕೆ?’ ಎಂದು ನಾನು ಕೇಳಿದೆ. ಒಬ್ಬೊಬ್ಬರಿಗೆ ಒಂದೊಂದು ಬಣ್ಣವಿರಲಿ. ಯಾವ ಬೋಲ್ಟು ಯಾರ ಕೈಯದು ಎಂದು ಕಾರೇ ಹೇಳಲಿ. ಆಂಟಿಗೆ ಬಿಳಿ, ಅಂಕಲ್‌ಗೆ ಹಸಿರು, ಬಸವರಾಜನಿಗೆ ಕಿತ್ತಳೆ, ನನಗೆ ನೀಲಿ. “ನನಗೆ?” ಎಂದರು ಅಜ್ಜಿ. “ನಿಮಗೆ ಬೋಲ್ಟಿಲ್ಲ ಅಜ್ಜಿ, ನೀವು ಮೇಲ್ವಿಚಾರಕರು,” ಎಂದೆ. “ಸರ್ಕಾರಿ ಕೆಲಸ ಬಿಟ್ಟರೂ ಬಿಡ್ಲಿಲ್ಲವಲ್ಲಪ್ಪ,” ಎಂದು ಮಡಿಸುವ ಕುರ್ಚಿಯಲ್ಲಿ ಕುಳಿತರು.

ಮೇಲ್ವಿಚಾರಣೆಯನ್ನು ಅವರು ಲಘುವಾಗಿ ತೆಗೆದುಕೊಳ್ಳಲಿಲ್ಲ. ಹೊಸ ಗೇರ್‌ಬಾಕ್ಸು ಹಳೆಯದಕ್ಕಿಂತ ದಪ್ಪ. ಅದಕ್ಕೆ ಜಾಗವಾಗಲು ಕಾರಿನ ನೆಲದ ಉಬ್ಬನ್ನು ಒಂದು ಕಡೆ ಕೊಯ್ಯಬೇಕಾಗಿತ್ತು. ಅಷ್ಟು ವರ್ಷ ಯಾರೂ ಮುಟ್ಟದ ತಗಡು. ಗ್ರೈಂಡರ್ ಕೈಗೆತ್ತಿಕೊಂಡ ಆಂಟಿಯ ಕೈ ಒಂದು ಕ್ಷಣ ನಿಂತಿತು. ಅಂಕಲ್ ನೋಡಲಾರದೆ ಒಳಗೆ ಹೋದರು. ಅಜ್ಜಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡು, “ಕೊಯ್ಯೋ ಮುಂಚೆ ಎರಡು ಸಲ ಗುರುತು ಹಾಕು. ಗುರುತು ಹಾಕಿದ ಮೇಲೆ ಯೋಚ್ನೆ ಮಾಡ್ಬೇಡ,” ಎಂದರು. ಕಿಡಿಗಳು ಹಾರಿದವು. ಕೊಯ್ದ ತಗಡು ಕಳಚಿ ಬಂದಾಗ ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡಿ, “ತಾಯಿ ಮಗು ಇಬ್ಬರೂ ಕ್ಷೇಮ,” ಎಂದು ಘೋಷಿಸಿದರು.

ಜುಲೈ ತಿಂಗಳು ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್‌ನ ಬೆವರಿನಲ್ಲಿ ಹೋಯಿತು. ಸಂಜೆಯಾದರೆ ಪಶ್ಚಿಮದಿಂದ ಕಪ್ಪು ಮೋಡ ಏರಿ ಬರುವುದು, ಗುಡುಗು, ಗ್ಯಾರೇಜಿನ ಬಾಗಿಲನ್ನು ಅರ್ಧ ಇಳಿಸಿ ಪಕೋಡ ತಿನ್ನುವುದು. ಚಕ್ರಗಳ ಕಡೆಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ಚಿಕ್ಕದು ಮಾಡಿಸಿದ್ದಾಯಿತು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕವಚ ಕೂದಲೆಳೆಯಷ್ಟು ವಾರೆಯಾಗಿದೆಯೆಂದು ಆಂಟಿ ಅದನ್ನು ಮತ್ತೆ ಮತ್ತೆ ಅಳೆದು ಕೂರಿಸಿದರು. ಉಳಿದದ್ದು ಕ್ಲಚ್ಚು.

ಅದು ಆಗಸ್ಟಿನ ಮೊದಲ ಶನಿವಾರ. ಎಂಜಿನ್ನಿನ ಹಿಂದೆ ತಿರುಗುವ ಭಾರದ ಚಕ್ರವನ್ನೂ ಹೊಸ ಕ್ಲಚ್ ಪ್ಲೇಟನ್ನೂ ಆಂಟಿ ಸ್ವತಃ ಒರೆಸಿ ಚೊಕ್ಕಟ ಮಾಡಿ, ಪ್ಲೇಟನ್ನು ಜಾಗಕ್ಕೆ ಹಿಡಿಸಿ ನಿಲ್ಲಿಸಿದರು. “ಇನ್ನು ಯಾರೂ ಇದನ್ನ ಮುಟ್ಟೋ ಹಾಗಿಲ್ಲ. ಬೆರಳಿನ ಜಿಡ್ಡು ತಗುಲಿದ್ರೂ ಹಾಳು. ಇದರ ಮೇಲೆ ಕವರ್ ಮುಚ್ಚಿ ಬೋಲ್ಟ್ ಬಿಗಿಯೋದಷ್ಟೇ ಬಾಕಿ.” ಮಾತು ಮುಗಿಯುವುದಕ್ಕೂ ಊರಿನ ಸೈರನ್ ಮೊಳಗುವುದಕ್ಕೂ ಸರಿಹೋಯಿತು. ಸುಂಟರಗಾಳಿಯ ಎಚ್ಚರಿಕೆ ಕೊಡುವ ಆ ಸೈರನ್ನನ್ನು ಅಲ್ಲಿ ತಿಂಗಳ ಮೊದಲ ಶನಿವಾರ ಮಧ್ಯಾಹ್ನ ಸುಮ್ಮನೆ ಪರೀಕ್ಷೆಗೆ ಕೂಗಿಸುತ್ತಾರೆ. ಆಕಾಶ ನಿಚ್ಚಳ ನೀಲಿ. ಆದರೆ ಜುಲೈಯ ಮೊದಲ ಶನಿವಾರ ಊರಲ್ಲಿರದಿದ್ದ ಬಸವರಾಜನಿಗೆ ಇದನ್ನು ಯಾರು ಹೇಳಿದ್ದರು? “ಅಜ್ಜೀ, ಓಡ್ರೀ!” ಎಂದವನೇ ಅಜ್ಜಿಯನ್ನು ಕುರ್ಚಿಯಿಂದ ಹೆಚ್ಚುಕಡಿಮೆ ಎತ್ತಿಕೊಂಡೇ ನೆಲಮಾಳಿಗೆಗೆ ಧಾವಿಸಿದ. ಅವರ ಹಿಂದೆ ನಗುತ್ತ ಆಂಟಿ, ಆಂಟಿಯ ಹಿಂದೆ ನಾನು. ಕೆಳಗೆ ಬಸವರಾಜ ನನ್ನ ಮೇಜಿನ ಅಡಿ ಮುದುರಿ ಕೂತಿದ್ದ. ಅಜ್ಜಿ ಅವನ ಕೈ ಹಿಡಿದು ನಾಡಿ ನೋಡುತ್ತಿದ್ದರು. “ಗಾಳಿ ಇಲ್ಲ ಕಣಪ್ಪ, ನಿನ್ನ ನಾಡಿ ಮಾತ್ರ ಸುಂಟರಗಾಳಿ ಹಾಗೆ ಓಡ್ತಿದೆ.” ನಮ್ಮ ನಗು ಮುಗಿದು, ಅವನಿಗೆ ಮಜ್ಜಿಗೆ ಕೊಟ್ಟು ಮೇಲೆ ಬರುವ ಹೊತ್ತಿಗೆ ಅಂಕಲ್ ಒಬ್ಬರೇ ಕವರ್ ಮುಚ್ಚಿ, ಬೋಲ್ಟುಗಳನ್ನೆಲ್ಲ ಬಿಗಿದು, ಒಂದೊಂದಕ್ಕೂ ಹಸಿರು ಗೆರೆ ಎಳೆದಿದ್ದರು. “ನೀವು ಆಟ ಆಡ್ತಿರಿ, ಕೆಲಸ ನಾನು ಮಾಡ್ತೀನಿ,” ಎಂದರು. ಮೆಚ್ಚಿಕೊಂಡೆವು.

ಮುಂದಿನ ವಾರಾಂತ್ಯಕ್ಕೆ ಬೆಲ್ಲ ನೆಲಕ್ಕಿಳಿಯಿತು. ಮೊದಲ ಸವಾರಿ, ಆಂಟಿಯ ಪಕ್ಕ ಅಜ್ಜಿ, ಹಿಂದೆ ನಾನು. ಎಂಜಿನ್ ಗುಡುಗಿತು. ಆಂಟಿ ಕ್ಲಚ್ಚನ್ನು ಮೆಲ್ಲಗೆ ಬಿಟ್ಟರು. ಬೆಲ್ಲ ಗಡಗಡನೆ ನಡುಗಿತು. ಹಲ್ಲು ಹಲ್ಲು ಕಟಕಟಿಸಿದವು. ಸ್ಟಾಪ್ ಬೋರ್ಡು ಬಂದಾಗಲೆಲ್ಲ ಮತ್ತೆ ಅದೇ ನಡುಕ. ಜೊತೆಗೆ ಆ ವಾಸನೆ. ಬಸವರಾಜ ರಸ್ತೆಯ ಬದಿಯಲ್ಲಿ ಓಡಿಬರುತ್ತ, “ಏನ್ರೀ ಆಂಟಿ, ಇದು ಹಿಂಗ್ಯಾಕ ನಡಗಾಕತ್ತೈತಿ?” ಎಂದು ಕೂಗಿದ. “ಮಲೇರಿಯಾ,” ಎಂದರು ಅಜ್ಜಿ ಕಿಟಕಿಯಿಂದ.

ನಗುವ ಮಾತಾಗಿರಲಿಲ್ಲ. ಹೊರಡುವ ದಿನ ಹತ್ತಿರವಾಗುತ್ತಿತ್ತು. ಆ ಕ್ಲಚ್ಚಿನಲ್ಲಿ ಲಿಸ್ಲ್ ಇರಲಿ, ಊರಿನಾಚೆಯ ಹಾಲಿನಂಗಡಿಗೂ ಹೋಗುವಂತಿರಲಿಲ್ಲ. ಮರು ಶನಿವಾರ ಅಷ್ಟನ್ನೂ ಮತ್ತೆ ಬಿಚ್ಚಿದೆವು: ಶಾಫ್ಟು, ಗೇರ್‌ಬಾಕ್ಸು, ಕವಚ. ಹಸಿರು ಗೆರೆಯ ಬೋಲ್ಟುಗಳನ್ನು ಅಂಕಲ್ ತಾವೇ ಕಳಚಿದರು. ಕವರ್ ಈಚೆಗೆ ಬಂತು. ಆಂಟಿ ಕ್ಲಚ್ ಪ್ಲೇಟನ್ನು ತಿರುಗಿಸಿ ಹಿಡಿದರು.

ಪ್ಲೇಟಿನ ನಟ್ಟನಡುವೆ, ಸ್ಪ್ರಿಂಗುಗಳ ಹತ್ತಿರ, ಎಣ್ಣೆಯಲ್ಲಿ ಕಲಸಿದ ಅರಿಶಿನ ಕುಂಕುಮದ ಬೊಟ್ಟೊಂದು ಇತ್ತು. ಪ್ಲೇಟು ಗಿರಗಿರನೆ ತಿರುಗಿದ ರಭಸಕ್ಕೆ ಅದರ ಎಣ್ಣೆ ಅಂಚಿಗೆ ಸಿಡಿದು, ಉಜ್ಜುವ ಮೈಯೆಲ್ಲ ಕಂದಿ ಕರಕಲಾಗಿತ್ತು.

ಎಲ್ಲರ ಕಣ್ಣೂ ಮಡಿಸುವ ಕುರ್ಚಿಯ ಕಡೆಗೆ ಹೋದವು.

“ಅಜ್ಜಿ ಭಕ್ತಿಯಿಂದ ಹಚ್ಯಾರ್ರೀ, ಏನ್ ಮಾಡೂದು,” ಎಂದ ಬಸವರಾಜ, ಮೆತ್ತಗೆ.

“ನಾನಲ್ಲ,” ಎಂದರು ಅಜ್ಜಿ.

“ಇರಲಿ ಬಿಡಿ ಅತ್ತೆ,” ಎಂದರು ಸುಧಾ ಆಂಟಿ. ದಣಿದಿದ್ದರು, ದನಿಯಲ್ಲಿ ಕೋಪವಿರಲಿಲ್ಲ, ಕ್ಷಮೆಯಿತ್ತು. “ಬೇರೆ ಪ್ಲೇಟ್ ತರಿಸೋಣ. ಇರಲಿ ಬಿಡಿ.”

ರಘು ಅಂಕಲ್ ಕಾಫಿ ಮಾಡುತ್ತೇನೆಂದು ಒಳಗೆ ಹೋದರು. ಅಜ್ಜಿ ಎದ್ದು ಕುರ್ಚಿಯನ್ನು ತಾವೇ ಮಡಿಸಿ ಗೋಡೆಗೆ ಒರಗಿಸಿದರು. “ನಾನು ಮಿನಿವ್ಯಾನಲ್ಲೇ ಹೋಗ್ತೀನಿ ಸುಧಾ. ಇನ್ನು ಇದಕ್ಕೆ ಕಷ್ಟ ಪಡ್ಬೇಡ.”

‘ಇರಲಿ ಬಿಡಿ’ ಎಂಬ ಮಾತಿನ ಮೇಲೆ ನನಗೆ ಎಷ್ಟು ದ್ವೇಷವಿದೆಯೆಂದು ಅಂದು ರಾತ್ರಿ ನನಗೇ ತಿಳಿಯಿತು. ನಮ್ಮ ಜನ ಅದನ್ನು ಔದಾರ್ಯವೆಂದು ತಿಳಿದಿದ್ದಾರೆ. ಅಲ್ಲ. ಅದೊಂದು ಮೆತ್ತನೆಯ ಹಾಸಿಗೆ. ತಪ್ಪು ಮಾಡಿದವನು ಅದರ ಮೇಲೆ ಸುಖವಾಗಿ ನಿದ್ದೆ ಹೋಗುತ್ತಾನೆ, ತಪ್ಪು ಹೊತ್ತವರು ಮಾತ್ರ ಪಕ್ಕದಲ್ಲಿ ಎಚ್ಚರವಾಗಿ ಕೂತಿರುತ್ತಾರೆ. ಕ್ಷಮಿಸುವುದಕ್ಕೂ ಮೊದಲು ವಿಚಾರಣೆಯಾಗಬೇಡವೇ? ಮಾಡದ ತಪ್ಪಿಗೆ ಕ್ಷಮೆ ಪಡೆಯುವುದಕ್ಕಿಂತ ದೊಡ್ಡ ಅವಮಾನ ಯಾವುದಿದೆ? ಕುಂಕುಮ ಕಂಡಿತು, ಮುದುಕಿ ಕಂಡರು, ಪ್ರಕರಣ ಮುಗಿಯಿತು. ಸೇತುವೆಗಳ ವರದಿಗಳೂ ಹೀಗೆಯೇ ಬರೆಯಲ್ಪಡುತ್ತವೆ.

ಭಾನುವಾರ ಬೆಳಗ್ಗೆ ಇಡ್ಲಿಯಾದ ಮೇಲೆ ಎಲ್ಲರನ್ನೂ ಗ್ಯಾರೇಜಿಗೆ ಕರೆದೆ. ಅಜ್ಜಿ ಬರುವುದಿಲ್ಲವೆಂದರು; ಕೈ ಹಿಡಿದು ಎಳೆದುಕೊಂಡು ಬಂದೆ. “ಅಂಕಲ್, ನಿಮ್ಮ ಪದ್ಧತಿ ಪ್ರಕಾರವೇ ಆಗಲಿ. ಐದು ಸಲ ಯಾಕೆ ಅಂತ ಕೇಳಿ. ಹಲಗೆ ಮೇಲೆ ಬರೀರಿ,” ಎಂದೆ.

“ಬೇಡ ಬಿಡಮ್ಮ. ಆಗಿದ್ದಾಯ್ತು,” ಎಂದರು ಅಂಕಲ್.

“ಸಪ್ಲೈಯರ್ ನಿಮಗೆ ‘ಆಗಿದ್ದಾಯ್ತು’ ಅಂದ್ರೆ ಬಿಡ್ತೀರಾ?”

ಅಂಕಲ್ ಮಾರ್ಕರ್ ಕೈಗೆತ್ತಿಕೊಂಡರು. ಗಾಡಿ ಯಾಕೆ ನಡುಗಿತು? ಕ್ಲಚ್ಚು ಜಾರಿ ಜಾರಿ ಹಿಡಿಯಿತು. ಯಾಕೆ ಜಾರಿತು? ಉಜ್ಜುವ ಮೈಗೆ ಎಣ್ಣೆ ತಗುಲಿತ್ತು. ಎಣ್ಣೆ ಯಾಕೆ ಬಂತು? ನಡುವಿನ ಬೊಟ್ಟಿನಿಂದ ಸಿಡಿಯಿತು. ಬೊಟ್ಟು ಯಾಕಿತ್ತು?

ಮಾರ್ಕರ್ ನಿಂತಿತು. “ಯಾರೋ ಇಟ್ಟರು,” ಎಂದು ಬರೆದರು.

“‘ಯಾರೋ’ ಅನ್ನೋದು ಉತ್ತರ ಅಲ್ಲ ಅಂಕಲ್.”

ಆಗ ಅಜ್ಜಿಯೇ ಬಾಯಿಬಿಟ್ಟರು. ಅಷ್ಟು ಹೊತ್ತು ಕಾರಿನ ಕಡೆ ನೋಡುತ್ತಿದ್ದವರು ಈಗ ನಮ್ಮ ಕಡೆ ತಿರುಗಿದರು. “ನಲವತ್ತು ವರ್ಷ ಆಪರೇಷನ್ ಮಾಡಿದೀನಿ. ದಿನಾ ಬೆಳಿಗ್ಗೆ ಥಿಯೇಟರ್ ಬಾಗಿಲಿಗೆ ಕೈ ಮುಗಿದು ಒಳಗೆ ಹೋದವಳು ನಾನು. ಬಾಗಿಲಿಗೆ! ಹೊಟ್ಟೆ ಕೊಯ್ದು ಮಲಗಿಸಿದವರ ಕರುಳಿಗೆ ಯಾರಾದ್ರೂ ಕುಂಕುಮ ಹಚ್ತಾರೇನೋ? ಹಚ್ಚೋದು ಎಲ್ಲಿಗೆ ಅಂತ ನನಗೆ ಗೊತ್ತಿಲ್ವಾ? ಪೂಜೆ ಗೊತ್ತಿಲ್ಲದವರು ಮಾಡಿದ ಪೂಜೆ ಇದು.”

ಬಸವರಾಜ ಕೆಮ್ಮಿದ. ನನಗೆ ಆ ಕ್ಷಣ ಸೈರನ್ ನೆನಪಾಯಿತು. “ಆಂಟಿ, ಪ್ಲೇಟ್ ಒರೆಸಿ ಇಟ್ಟವರು ನೀವು. ಆಗ ಬೊಟ್ಟಿತ್ತಾ?”

“ಖಂಡಿತ ಇಲ್ಲ. ಅದಾದ ತಕ್ಷಣ ಸೈರನ್ ಆಯ್ತಲ್ಲ.”

“ಆಗ ಅಜ್ಜಿ ಎಲ್ಲಿದ್ರು?”

“ನೆಲಮಾಳಿಗ್ಯಾಗ ನನ್ ಕೈ ಹಿಡ್ಕೊಂಡಿದ್ರು,” ಎಂದ ಬಸವರಾಜ. ಹೇಳುತ್ತ ಹೇಳುತ್ತಲೇ ಅವನ ಮುಖ ಕೆಂಪಾಯಿತು. “ಅಯ್ಯ ಯಪ್ಪಾ, ಅಜ್ಜೀ, ತಪ್ಪಾತ್ರೀ.”

ಮುಂದಿನದನ್ನು ಯಾರೂ ಹೇಳಬೇಕಾಗಿರಲಿಲ್ಲ. ನಾವು ಮೇಲೆ ಬಂದಾಗ ಕವರ್ ಮುಚ್ಚಿತ್ತು. ಆ ಕವರಿನಿಂದ ಹಿಂದಿನ ದಿನ ಕಳಚಿದ ಬೋಲ್ಟುಗಳು ಇನ್ನೂ ಬೆಂಚಿನ ಮೇಲಿನ ತಟ್ಟೆಯಲ್ಲಿ ಬಿದ್ದಿದ್ದವು, ತಲೆಯ ಮೇಲೆ ಅರ್ಧರ್ಧ ಗೆರೆ ಹೊತ್ತುಕೊಂಡು. ಹಸಿರು.

ರಘು ಅಂಕಲ್ ಹಲಗೆಯ ಕಡೆ ತಿರುಗಿ ‘ಯಾರೋ’ ಎಂಬುದನ್ನು ಅಂಗೈಯಿಂದ ಒರೆಸಿದರು. ಮಾರ್ಕರುಗಳಲ್ಲಿ ಹಸಿರನ್ನೇ ಹುಡುಕಿ ತೆಗೆದು, ಆ ಜಾಗದಲ್ಲಿ ‘ನಾನು’ ಎಂದು ಬರೆದರು.

ಐದನೆಯ ಪ್ರಶ್ನೆಯನ್ನು ಕೇಳಿದವರು ಸುಧಾ ಆಂಟಿ, ಬಹಳ ಮೆಲ್ಲಗೆ. “ಯಾಕ್ರೀ?”

ಅಂಕಲ್ ಮಾರ್ಕರಿನ ಮುಚ್ಚಳ ಹಾಕಿದರು, ತೆಗೆದರು, ಮತ್ತೆ ಹಾಕಿದರು. “ಏರ್‌ಬ್ಯಾಗ್ ಇಲ್ವಲ್ಲೇ. ಅದಕ್ಕೆ.”

ಮೊದಲು ನಕ್ಕವರು ಅಜ್ಜಿ. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಅಂಕಲ್ ತೊದಲುತ್ತ ಎಲ್ಲವನ್ನೂ ಹೇಳಿದರು: ದೇವರ ಗೂಡಿನಿಂದ ಅರಿಶಿನ ಕುಂಕುಮವನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಜೇಬಿನಲ್ಲಿಟ್ಟುಕೊಂಡು ಬಂದದ್ದು, ಲೋಹಕ್ಕೆ ಹಿಡಿಯಲೆಂದು ಬೆಂಚಿನ ಮೇಲಿದ್ದ ಎಣ್ಣೆಯಲ್ಲಿ ಕಲಸಿದ್ದು, ಉಜ್ಜುವ ಮೈ ತಪ್ಪಿಸಿ ನಡುವೆ ಇಟ್ಟರೆ ಏನೂ ಆಗದೆಂದು ಭಾವಿಸಿದ್ದು. ಹೊರಗೆ ಹಚ್ಚಿದ್ದರೆ ನಾವೆಲ್ಲ ನಗುತ್ತಿದ್ದೆವಲ್ಲ, ಅದಕ್ಕೇ ಯಾರಿಗೂ ಕಾಣದ ಜಾಗ. “ನಿನ್ನೆ ಹೇಳ್ಬೇಕಿತ್ತು ಅಮ್ಮ. ಬಾಯಿ ಬರ್ಲಿಲ್ಲ. ನೀನು ಕುರ್ಚಿ ಮಡಿಸ್ತಾ ಇದ್ದೆ, ನಾನು ಕಿಟಕೀಲಿ ನೋಡ್ತಾ ಇದ್ದೆ.”

“ಸಾಕು. ಈಗ ತೀರ್ಪು,” ಎಂದರು ಅಜ್ಜಿ. “ಲೋಕಾಯುಕ್ತ, ಬರ್ಕೋ. ಲಿಸ್ಲ್‌ವರೆಗೂ ಇವನು ಬೆಲ್ಲದ ಹಿಂದಿನ ಸೀಟಲ್ಲಿ ಕೂತು ಬರ್ಬೇಕು. ಮಿನಿವ್ಯಾನ್ ಇಲ್ಲ.” ಬೆಲ್ಲದ ಹಿಂದಿನ ಸೀಟೆಂದರೆ ಮಂಡಿ ಗದ್ದಕ್ಕೆ ತಾಗುವ ಜಾಗ. ಸೀಟುಗಳ ತಜ್ಞರಿಗೆ ಅದಕ್ಕಿಂತ ಘೋರವಾದ ಶಿಕ್ಷೆ ಇರಲಾರದು. ಅಂಕಲ್ ತಲೆಯಾಡಿಸಿದರು. ಕುರ್ಚಿಯನ್ನು ಗೋಡೆಯಿಂದ ತೆಗೆದು ಬಿಡಿಸಿ ತಾಯಿಯ ಹಿಂದೆ ಇಟ್ಟರು.

ಹೊಸ ಪ್ಲೇಟು ಬಂತು. ಕಂದಿದ ಭಾರದ ಚಕ್ರವನ್ನು ಹೊರಗೆ ಕೊಟ್ಟು ಮೈ ಉಜ್ಜಿಸಿ ನುಣುಪು ಮಾಡಿಸಿದ್ದಾಯಿತು. ಗೇರ್‌ಬಾಕ್ಸು ಎರಡನೆಯ ಸಲ ಏರುವಾಗ ನಾವು ನುರಿತವರಾಗಿದ್ದೆವು. ಬಸವರಾಜ ರುಬ್ಬು ಗುಂಡಿನ ಮಾತೆತ್ತಲಿಲ್ಲ. ಹೊಸ ಕ್ಲಚ್ಚು ಹದವಾಗಲೆಂದು ಆಂಟಿ ಸಂಜೆ ಸಂಜೆ ಊರೊಳಗೇ ಸುತ್ತಿದರು. ಅಜ್ಜಿ ಒಂದು ಸುತ್ತನ್ನೂ ತಪ್ಪಿಸಲಿಲ್ಲ. ಮೇಪಲ್ ಮರಗಳ ತುದಿ ಕೆಂಪಾಗುತ್ತಿತ್ತು.

ಹೊರಟ ದಿನ ಬೆಳಗ್ಗೆ ಅಂಕಲ್ ಎಲ್ಲರೆದುರು, ಯಾವ ನಗೆಗೂ ಅಂಜದೆ, ಅಜ್ಜಿಯ ಸೀಟಿನ ಎದುರಿಗೆ, ಇಂದಿನ ಕಾರುಗಳಲ್ಲಿ ಏರ್‌ಬ್ಯಾಗ್ ಇರುವ ಜಾಗದಲ್ಲಿ ಒಂದು ಬೊಟ್ಟಿಟ್ಟರು. ಎಣ್ಣೆಯಿಲ್ಲದೆ, ನೀರಿನಲ್ಲಿ ಕಲಸಿ. ಆಮೇಲೆ ಜೇಬಿನಿಂದ ಪೇಂಟ್ ಪೆನ್ನು ತೆಗೆದು ಅದರ ಪಕ್ಕ ಚಿಕ್ಕದೊಂದು ಹಸಿರು ಗೆರೆ ಎಳೆದರು. ನಾನು ಓದಿದ ಯಾವ ವರದಿಯ ಕೊನೆಯಲ್ಲೂ ಅಷ್ಟು ಸ್ಪಷ್ಟವಾದ ಸಹಿ ಇರಲಿಲ್ಲ.

ಲಗೇಜು ಹೊತ್ತ ಮಿನಿವ್ಯಾನಿನಲ್ಲಿ ಬಸವರಾಜ ಹಿಂದೆ ಬಂದ. ಬೆಲ್ಲದಲ್ಲಿ ಮುಂದೆ ಅತ್ತೆ ಸೊಸೆ, ಹಿಂದೆ ಮಡಿಸಿಟ್ಟ ಛತ್ರಿಯಂತೆ ಅಂಕಲ್, ಪಕ್ಕದಲ್ಲಿ ಶಿಕಾಗೋದ ಹೊಸ ಕೆಲಸಕ್ಕೆ ಹೊರಟಿದ್ದ ನಾನು. ರಸ್ತೆ ಕಾಮಗಾರಿಯ ಕಿತ್ತಳೆ ಪೀಪಾಯಿಗಳ ಸಾಲು ಮುಗಿದು ಹೆದ್ದಾರಿ ಬಿಚ್ಚಿಕೊಂಡಿತು. ಎರಡೂ ಬದಿಗೆ ಒಣಗುತ್ತಿರುವ ಮುಸುಕಿನ ಜೋಳ. ವೇಗ ಏರಿತು, ನಾಲ್ಕನೆಯ ಗೇರಿನಲ್ಲಿ ಎಂಜಿನ್ ತನ್ನ ಹಳೆಯ ಅರಚಾಟ ತೆಗೆಯಿತು. ಆಂಟಿ ಅಜ್ಜಿಯ ಕಡೆ ನೋಡಿ ಏನೋ ಸನ್ನೆ ಮಾಡಿದರು. ಅಜ್ಜಿ ಎಡಗೈಯನ್ನು ಗೇರ್ ಕೋಲಿನ ಗುಂಡಿನ ಮೇಲಿಟ್ಟರು. ಆಂಟಿ ಕ್ಲಚ್ ಒತ್ತಿದರು. ಜೀಪು ಓಡಿಸಿದ ಆ ಕೈ, ಹಳೆಯ ಪರಿಚಯದವರ ಬಾಗಿಲು ತಳ್ಳುವಂತೆ, ಅದನ್ನು ಐದಕ್ಕೆ ತಳ್ಳಿತು.

ಅರಚಾಟ ನಿಂತಿತು. ಎಂಜಿನ್ ದೂರದಲ್ಲೆಲ್ಲೋ ಗುನುಗುತ್ತಿತ್ತು. ಗಾಳಿಯ ಸದ್ದು, ಟೈರಿನ ಸದ್ದು, ಆಂಟಿಯ ಬಳೆಯ ಸದ್ದು ಕೂಡ ಕೇಳಿಸಿತು. ಅಜ್ಜಿ ಪರ್ಸಿಗೆ ಕೈ ಹಾಕಲಿಲ್ಲ. ಕಿವಿಯ ಯಂತ್ರಗಳು ಕಿವಿಯಲ್ಲೇ ಉಳಿದವು. ಹಿಂದಕ್ಕೆ ತಿರುಗದೆಯೇ ಕೇಳಿದರು:

“ರಘೂ, ಕುಂಕುಮ ಹಚ್ಚಿದ್ದು ಯಾರೋ?”

“ನಾನಮ್ಮ.”

“ಚೆನ್ನಾಗಿ ಕೇಳ್ಸುತ್ತೆ ಸುಧಾ,” ಎಂದರು ಅಜ್ಜಿ.

ಕಲಾಮಝೂ ಊರು ದಾಟಿದ ಮೇಲೆ ಇನ್ನೊಮ್ಮೆ ಕೇಳಿದರು. ದ್ರಾಕ್ಷಿ ತೋಟಗಳ ನಡುವೆ ಮತ್ತೊಮ್ಮೆ. ಇಂಡಿಯಾನಾ ಗಡಿಯಲ್ಲಿ, ಮಿಷಿಗನ್ ಸರೋವರದ ಗಾಳಿ ಒಳಗೆ ನುಗ್ಗುತ್ತಿದ್ದಾಗ, ಮಗದೊಮ್ಮೆ. ಪ್ರತಿ ಸಲವೂ ಮಂಡಿಗಳ ಹಿಂದಿನಿಂದ ಅದೇ ಉತ್ತರ ಬಂತು; ಪ್ರತಿ ಸಲವೂ ಸ್ವಲ್ಪ ಹೆಚ್ಚು ಗಟ್ಟಿಯಾಗಿ, ಸ್ವಲ್ಪ ಹೆಚ್ಚು ನಗುತ್ತ. ಲಿಸ್ಲ್‌ನ ಎಕ್ಸಿಟ್ ತೆಗೆದುಕೊಳ್ಳುವಾಗ ಅಜ್ಜಿ ಕೇಳುವುದನ್ನು ಮರೆತರು. ಅಂಕಲ್ ಕೆಲವು ಕ್ಷಣ ಕಾದರು. ಆಮೇಲೆ, ಯಾರೂ ಕೇಳದೆಯೇ, ಮುಂದಕ್ಕೆ ಬಾಗಿ ಹೇಳಿದರು:

“ಅಮ್ಮಾ, ನಾನೇ.”